ಇನ್ನೂ ಬಾರದವರ ಕೋಣೆ

ಕೆಲವು ವಾರಗಳ ಹಿಂದೆ ಯಲಹಂಕದ ಪರದೆ ಅಂಗಡಿಯಲ್ಲಿ ನಾನೊಂದು ಸುಳ್ಳು ಹೇಳಿ ಬಂದೆ. ಅಂಗಡಿಯ ಹುಡುಗಿ, "ಯಾವ ರೂಮಿಗೆ ಆಂಟಿ?" ಎಂದು ಕೇಳಿದಳು. ಸಹಜವಾದ ಪ್ರಶ್ನೆ. ನಡುಮನೆಗೆ ಒಂದು ಬಗೆಯ ಬಟ್ಟೆ, ಮಲಗುವ ಕೋಣೆಗೆ ಇನ್ನೊಂದು ಬಗೆಯದು ತೋರಿಸಬೇಕಲ್ಲ. ನಾನು ತುಸು ತಡವರಿಸಿ, "ನೆಂಟರ ರೂಮಿಗಮ್ಮಾ" ಎಂದೆ. "ನೆಂಟರು ಜಾಸ್ತಿ ದಿನ ಇರ್ತಾರಾ?" ಎಂದಳು. ಇರುತ್ತಾರೆ ಎಂದೆ. "ಬೇಗ ಏಳೋರಾ, ಲೇಟಾಗಿ ಏಳೋರಾ? ಬೇಗ ಏಳೋರಾದ್ರೆ ತೆಳು ಬಟ್ಟೆ ಸಾಕು." ಈ ಪ್ರಶ್ನೆಗೆ ಜಗತ್ತಿನಲ್ಲಿ ಯಾರ ಹತ್ತಿರವೂ ಉತ್ತರವಿಲ್ಲ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಎದ್ದಿರುವ ಜಾತಿಯ ನೆಂಟರು ಎಂದಿದ್ದರೆ ಅವಳಿಗೆ ಏನನ್ನಿಸುತ್ತಿತ್ತೋ. ಕೊನೆಗೆ ತೆಳುವೂ ಅಲ್ಲದ ದಪ್ಪವೂ ಅಲ್ಲದ ಬಟ್ಟೆಯೊಂದನ್ನು ಕಟ್ಟಿಸಿಕೊಂಡು ಬಂದೆ. ಈ ನಡುವೆ ನಾನು ತೆಗೆದುಕೊಳ್ಳುವ ತೀರ್ಮಾನಗಳೆಲ್ಲ ಹೆಚ್ಚುಕಡಿಮೆ ಆ ಬಟ್ಟೆಯ ಹಾಗೇ ಇವೆ.

ಆ ನೆಂಟರು ಇನ್ನೂ ಹುಟ್ಟಿಲ್ಲ. ನನ್ನ ಮಗಳು ಮಾನಸಾಳ ಹೊಟ್ಟೆಯಲ್ಲಿದ್ದಾರೆ. ಮಾನಸಾ ಮತ್ತು ಅವಳ ಗಂಡ ಇರುವುದು ನಾಗಸಂದ್ರದಲ್ಲಿ. ಸೀಮಂತ ಮುಗಿಸಿಕೊಂಡು ಹೆರಿಗೆಗೆ, ಬಾಣಂತನಕ್ಕೆ ಅವಳು ತೌರಿಗೆ ಬರಬೇಕಿತ್ತು. ಅವಳು ಬರುವಷ್ಟರಲ್ಲಿ ನಮ್ಮ ಮನೆಯ ಮೂಲೆಯ ಚಿಕ್ಕ ಕೋಣೆ ಸಿದ್ಧವಾಗಬೇಕಿತ್ತು. ಕೋಣೆ ಎಂದು ಮರ್ಯಾದೆಗೆ ಹೇಳಿದೆ. ಗಣಪತಿ ಹಬ್ಬದ ಮಂಟಪ, ಮದುವೆಮನೆಗಳಲ್ಲಿ ಉಡುಗೊರೆಯಾಗಿ ಬಂದು ಇನ್ನೊಂದು ಮದುವೆಮನೆಗಾಗಿ ಕಾಯುತ್ತಿರುವ ಸ್ಟೀಲ್ ಡಬ್ಬಿಗಳು, ನಮ್ಮವರು ತಾವೇ ರಿಪೇರಿ ಮಾಡುವುದಾಗಿ ಪಟ್ಟು ಹಿಡಿದು ಇಟ್ಟುಕೊಂಡಿರುವ ಟೇಬಲ್ ಫ್ಯಾನು, ಇವೆಲ್ಲ ಅಲ್ಲಿ ತಮ್ಮ ಪಾಡಿಗೆ ವಾಸವಾಗಿದ್ದವು. ನಮ್ಮವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಅಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ಓಡಿಸುತ್ತಾರಂತೆ. ಈ ಫ್ಯಾನು ಮಾತ್ರ ಅವರ ಮಾತು ಕೇಳಿಲ್ಲ.

ಮಾನಸಾ ಫೋನಿನಲ್ಲಿ ಚಿತ್ರಗಳನ್ನು ಕಳಿಸತೊಡಗಿದಳು. ಎಲ್ಲವೂ ಮಕ್ಕಳ ಕೋಣೆಗಳೇ. ಬಿಳಿಯ ಕಟಕಟೆಯ ಮಂಚ, ಗೋಡೆಯ ಮೇಲೆ ಮೋಡ, ಮೂಲೆಯಲ್ಲೊಂದು ಡೇರೆ, ನೆಲದ ಮೇಲೆ ಬಟ್ಟೆಯ ಆನೆ. ಅಷ್ಟು ಕೋಣೆಗಳನ್ನು ನೋಡಿದೆ, ಒಂದರಲ್ಲೂ ಒಣಗಲು ಹಾಕಿದ ಬಟ್ಟೆಯಿಲ್ಲ. ಮಗುವಿರುವ ಮನೆಯಲ್ಲಿ ಬಟ್ಟೆ ಒಣಗುತ್ತಿಲ್ಲ ಎಂದರೆ ನನಗೆ ನಂಬಿಕೆ ಬರುವುದು ಕಷ್ಟ. ಒಂದು ಭಾನುವಾರ ಅವಳೇ ಬಂದು ಕೂತಳು.

"ಅಮ್ಮಾ, ಮೊದ್ಲು ಥೀಮ್ ಡಿಸೈಡ್ ಮಾಡ್ಬೇಕು."

"ಥೀಮ್ ಅಂದ್ರೆ?"

"ಕಾಡು, ಸಮುದ್ರ, ಆಕಾಶ. ಯಾವ್ದಾದ್ರೂ ಒಂದು."

"ಹುಟ್ಟೋದು ಮಗು ತಾನೇ? ಮಗೂನೇ ಥೀಮ್ ಅಂತ ಇಟ್ಕೊಂಡ್ರೆ ಆಗಲ್ವೇನೇ?"

ನಮ್ಮವರು ಪೇಪರಿನ ಹಿಂದಿನಿಂದ, "ಕಾಡಂತೂ ಬೇಡಮ್ಮಾ. ಕಣ್ ಬಿಟ್ರೆ ಹುಲಿ, ಸಿಂಹ. ಹಾಲು ಕುಡಿಯೋ ಮಗೂಗೆ ಮನೆಯೇನು ಬನ್ನೇರುಘಟ್ಟನಾ?" ಎಂದರು. ಮಾನಸಾ ನಕ್ಕಳು. ನಾನೂ ನಕ್ಕೆ. ಆದರೆ ಸರಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ನಮ್ಮಲ್ಲಿ ಅಡುಗೆಗೊಂದು ಮನೆ, ದೇವರಿಗೊಂದು ಮನೆ, ಬಚ್ಚಲಿಗೊಂದು ಮನೆ. ಹಸು ಕರುಗಳಿಗೆ ಕೊಟ್ಟಿಗೆ, ಭತ್ತ ರಾಗಿಗೆ ಕಣಜ. ಪಾತ್ರೆಗಳಿಗೂ ಉಗ್ರಾಣವಿತ್ತು. ಮಗುವಿಗೆ ಮಾತ್ರ ಕೋಣೆ ಇರಲಿಲ್ಲ. ಬಾಣಂತಿ ಕೋಣೆ ಇತ್ತು, ಆದರೆ ಅದು ಹೆಸರಿಗೆ ತಕ್ಕಂತೆ ತಾಯಿಯದು: ಕತ್ತಲು, ಕೆಂಡ, ಸಾಂಬ್ರಾಣಿಯ ಹೊಗೆ, ಕಿವಿಗೆ ಹತ್ತಿ. ಮಗುವಿಗೆ ಇದ್ದದ್ದು ತೊಲೆಯಿಂದ ಇಳಿಬಿಟ್ಟ ತೊಟ್ಟಿಲು, ಅದಿಲ್ಲದಿದ್ದರೆ ಹಳೆಯ ಸೀರೆಯ ಜೋಲಿ. ಅಲ್ಲಿಂದ ಇಳಿದರೆ ಯಾರಾದರೊಬ್ಬರ ಸೊಂಟ. ಒಂದು ಕೋಣೆಯನ್ನು ಕೊಡದೆ ಇಡೀ ಮನೆಯನ್ನೇ ಅದಕ್ಕೆ ಬಿಟ್ಟುಕೊಟ್ಟಿದ್ದರೋ, ಇಲ್ಲಾ ಅದನ್ನು ಯಾರೂ ಅಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೋ, ನನಗೆ ಇನ್ನೂ ತಿಳಿದಿಲ್ಲ.

ಹೀಗೆ ದೊಡ್ಡ ವಿಚಾರಗಳನ್ನು ಮಾಡುತ್ತಿದ್ದೆನಾದರೂ, ನಾನು ಸರಿ ಎನ್ನದಿರುವುದಕ್ಕೆ ಕಾರಣ ಬೇರೆಯೇ ಇತ್ತು. ಹುಟ್ಟುವ ಮುಂಚೆ ಮಗುವಿಗೆಂದು ಏನನ್ನೂ ತರಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಒಂದು ಗಿಲಕಿಯನ್ನೂ ತರುವ ಹಾಗಿಲ್ಲ. ಹುಟ್ಟಿದ ಮಗುವನ್ನು ಮೊದಲು ಸುತ್ತುವುದೂ ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯಲ್ಲೇ. ಯಾಕೆ ಎಂದು ನಾನು ನನ್ನ ಅಮ್ಮನನ್ನು ಕೇಳಿರಲಿಲ್ಲ, ಅವಳೂ ತನ್ನ ಅಮ್ಮನನ್ನು ಕೇಳಿರಲಾರಳು. ಇದು ಮಾನಸಾಳ ಮೊದಲ ಬಸಿರಾಗಿದ್ದರೆ ಬಹುಶಃ ನಾನೇ ಈ ಕಾಲದವಳಂತೆ ಧೈರ್ಯ ಮಾಡಿ ಮೋಡ ಅಂಟಿಸಲು ಏಣಿ ಹತ್ತುತ್ತಿದ್ದೆ. ಆದರೆ ಎರಡು ವರ್ಷದ ಹಿಂದೆ ಒಮ್ಮೆ ಹೀಗೇ ಸಿಹಿಸುದ್ದಿ ಬಂದಿತ್ತು. ಐದನೇ ತಿಂಗಳಲ್ಲಿ ಆಸ್ಪತ್ರೆಯಿಂದ ಅವಳು ಬರಿಗೈಯಲ್ಲಿ ಮನೆಗೆ ಬಂದಳು. ಆಗ ನಾವು ಏನೂ ತಂದಿರಲಿಲ್ಲ. ತೆಗೆದಿಡಲು ಏನೂ ಇಲ್ಲವಲ್ಲ, ಸದ್ಯ, ಎಂದು ನಾನು ಮನಸ್ಸಿನಲ್ಲೇ ಆ ಪದ್ಧತಿಗೆ ಕೈಮುಗಿದಿದ್ದೆ.

ಹಾಗಾಗಿ ಈ ಸಲ ನಾನು ಒಂದು ನಡುದಾರಿ ಹಿಡಿದೆ. ಮಗುವಿಗೆ ಎನ್ನದೆ ಕೋಣೆ ಸಿದ್ಧಮಾಡುವುದು. ಪರದೆ ನೆಂಟರಿಗಾಯಿತು. ಪುಟ್ಟ ಬೀರು ಬೆಡ್‌ಶೀಟುಗಳಿಗಾಯಿತು. ಗೋಡೆಗೆ ಬಣ್ಣ, ಹೇಗೂ ತೇವ ಹಿಡಿದಿತ್ತಲ್ಲ, ಅದಕ್ಕಾಯಿತು. ಹೀಗೆ ಒಂದೊಂದಕ್ಕೂ ನೆಪ ಅಂಟಿಸುತ್ತ ಹೋದರೆ ಕಾಣದ ಯಾರೋ ಮೋಸ ಹೋಗುತ್ತಾರೆ ಎಂದು ನಾನು ನಂಬಿದ್ದೆ. ಅವರು ಅಷ್ಟು ದಡ್ಡರೇ ಎಂದು ಮಾತ್ರ ಯೋಚಿಸಲು ಹೋಗಲಿಲ್ಲ.

ಬಣ್ಣ ಹೊಡೆಯಲು ರಾಜಾನುಕುಂಟೆಯ ಕಡೆಯಿಂದ ಮುನಿರಾಜು ಬಂದ. ಬಣ್ಣದ ಪುಸ್ತಕ ಬಿಚ್ಚಿಟ್ಟು, ಯಾರೂ ಹೇಳದಿದ್ದರೂ ಎಲ್ಲವನ್ನೂ ಅರ್ಥಮಾಡಿಕೊಂಡವನ ಹಾಗೆ ನಕ್ಕ. "ಅಕ್ಕಾ, ನೀಲಿ ಒಡುದ್ರೆ ಗಂಡು ಅಂತಾರೆ, ಗುಲಾಬಿ ಒಡುದ್ರೆ ಎಣ್ಣು ಅಂತಾರೆ. ಡಾಕ್ಟ್ರೇ ಏಳಂಗಿಲ್ಲ, ಇನ್ನು ಗೋಡೆ ಏಳ್ಬೋದಾ?" ಎಂದ. ಹಾಗಾದರೆ ಹಳದಿ ಇರಲಿ ಎಂದೆ. ಎದುರು ಮನೆಯ ಶಾಹಿದಾ ಅಷ್ಟರಲ್ಲಿ ಬಾಗಿಲಿಗೆ ಬಂದು, "ಹಳದಿ ಬೇಡಕ್ಕಾ. ಹಳದಿ ಗೋಡೆ ಮುಂದೆ ಮಗೂಗೆ ಕಾಮಾಲೆ ಬಂದ್ರೆ ಗೊತ್ತೇ ಆಗಲ್ಲ" ಎಂದರು. "ಮಗೂಗಲ್ಲ ಶಾಹಿದಾ, ತೇವಕ್ಕೆ" ಎಂದೆ. "ಹಾಂ ಹಾಂ, ತೇವಕ್ಕೇನೇ" ಎಂದು ತಲೆಯಾಡಿಸಿದರು. ಹಸಿರು ಎಂದರೆ ಆಸ್ಪತ್ರೆ ನೆನಪಾಯಿತು. ಕೊನೆಗೆ ಮುನಿರಾಜು ತಾನೇ ಎರಡು ಮೂರು ಡಬ್ಬಿ ಕಲೆಸಿ ಏನನ್ನೋ ಹೊಡೆದು ಹೋದ. ಅದು ಯಾವ ಬಣ್ಣ ಎಂದು ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ನಮ್ಮವರು ಹಾಲು ಜಾಸ್ತಿಯಾದ ಕಾಫಿ ಎನ್ನುತ್ತಾರೆ. ನನಗೆ ಗಸಗಸೆ ಪಾಯಸದ ಹಾಗೆ ಕಾಣುತ್ತದೆ.

ಆಮೇಲೆ ತೊಟ್ಟಿಲು. ಅದನ್ನು ಕೊಂಡು ತರಲಿಲ್ಲ, ದೊಡ್ಡಬಳ್ಳಾಪುರದ ನನ್ನ ಅಣ್ಣನ ಮನೆಯಿಂದ ಎರವಲು ತಂದೆ. ಎರವಲಿಗೆ ದೋಷವಿಲ್ಲ. ಆದರೆ ಟೆಂಪೊ ಬಾಗಿಲಿಗೆ ಬಂದು ನಿಂತಾಗ ನಾನೇ ಅಡ್ಡ ನಿಂತುಬಿಟ್ಟೆ. ಮಗುವಿಲ್ಲದ ಮನೆಯೊಳಕ್ಕೆ ಬರಿದಾದ ತೊಟ್ಟಿಲನ್ನು ಹೇಗೆ ಹೊರುವುದು? ಟೆಂಪೊದವನು ಹಾರನ್ ಬಾರಿಸುತ್ತಿದ್ದ. ನಾನು ರಸ್ತೆ ದಾಟಿ ಶಾಹಿದಾರನ್ನು ಕರೆದೆ. ಅವರ ಮಹಡಿಯ ಮೇಲಿನ ಕೋಣೆಯ ಬಾಡಿಗೆಯವರು ಬಿಟ್ಟುಹೋಗಿ ಅದು ಖಾಲಿ ಬಿದ್ದಿತ್ತು. "ಇಡಿ ಅಕ್ಕಾ, ಅದಕ್ಕೇನಂತೆ" ಎಂದರು. "ಯಾರಿಗೂ ಹೇಳ್ಬೇಡಿ" ಎಂದೆ. "ಅಲ್ಲಾ ಕಸಂ, ಬಾಯೇ ಬಿಡಲ್ಲ" ಎಂದು, ನನ್ನನ್ನು ಕೆಳಗೇ ನಿಲ್ಲಿಸಿ ಟೆಂಪೊದವನ ಕೈಯಲ್ಲೇ ಅದನ್ನು ಮೇಲಕ್ಕೆ ಹೊರಿಸಿದರು. ಅವರ ಮುಖದಲ್ಲಿ ನಗು ಹಣಕಿದ್ದನ್ನು ನಾನು ಆಗ ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ನಮ್ಮವರೂ ಈ ನಡುವೆ ಕೋಣೆಯ ಸೂರಿಗೆ ಒಂದು ಕಬ್ಬಿಣದ ಕೊಂಡಿ ಹಾಕಿಸಿದರು. ಯಾಕೆ ಎಂದರೆ ಹೂಕುಂಡ ನೇತುಹಾಕಲಂತೆ. ಕೋಣೆಯ ನಟ್ಟನಡುವೆ ಹೂಕುಂಡ. ನಾನು ನೆಂಟರ ಪರದೆಯವಳು, ಅವರನ್ನು ಯಾವ ಬಾಯಲ್ಲಿ ಪ್ರಶ್ನಿಸಲಿ?

ಸೀಮಂತವಾಯಿತು. ಮಾನಸಾ ಕೈತುಂಬ ಹಸಿರು ಬಳೆ ತೊಟ್ಟು ತೌರಿಗೆ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಹೆಸರಿಲ್ಲದ ಬಣ್ಣದ ಗೋಡೆ, ಒಂದು ಮಂಚ, ಬೆಡ್‌ಶೀಟಿನ ಬೀರು, ಪರದೆ, ಸೂರಿನಲ್ಲಿ ಒಂಟಿ ಕೊಂಡಿ. "ಚೆನ್ನಾಗಿದೆ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಷ್ಟೇ. ಥೀಮಿನ ಮಾತೇ ಎತ್ತಲಿಲ್ಲ. ಅವಳು ಜಗಳವಾಡಿದ್ದರೆ ನನಗೆ ಆರಾಮವಾಗಿರುತ್ತಿತ್ತು. ಚಿಕ್ಕಂದಿನಿಂದಲೂ ಅವಳು ಸುಮ್ಮನಾದಾಗಲೇ ನನಗೆ ದಿಗಿಲು.

ಮಾರನೇ ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತ ಹಜಾರದಲ್ಲಿ ಕೂತಿದ್ದೆವು.

"ಅಮ್ಮಾ, ಒಂದು ಕೇಳ್ತೀನಿ. ಬೇಜಾರ್ ಮಾಡ್ಕೋಬಾರ್ದು."

"ಕೇಳು."

"ಈ ಮಗು ಬರತ್ತೆ ಅಂತ ನಿಂಗೆ ನಂಬಿಕೆ ಇಲ್ಲ, ಅಲ್ವಾ?"

ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. "ಏನೇ ಹಂಗಂದ್ರೆ? ನಂಬಿಕೆ ಇಲ್ದೇನೇ ಸೀಮಂತ ಮಾಡಿದ್ವಾ?"

"ಸೀಮಂತ ನಂಗೆ ಮಾಡಿದ್ರಿ. ಮಗೂಗೆ ಅಂತ ಈ ಮನೇಲಿ ಒಂದು ಕಾಲುಚೀಲ ಇಲ್ಲ." ಅವಳು ತಲೆಯೆತ್ತದೆ ಕಾಳು ಬಿಡಿಸುತ್ತಲೇ ಇದ್ದಳು. "ಹೋದ್ಸಲಾನೂ ಏನೂ ತಂದಿರ್ಲಿಲ್ಲ. ಆಸ್ಪತ್ರೆಯಿಂದ ಬಂದು ಮನೆಯೆಲ್ಲಾ ನೋಡ್ದೆ ಅಮ್ಮಾ. ಅದರ ಗುರ್ತು ಅಂತ ಏನೂ ಇರ್ಲಿಲ್ಲ. ಏನಾದ್ರೂ ಇದ್ದಿದ್ರೆ ತಬ್ಕೊಂಡು ಅಳ್ತಿದ್ದೆ. ಬಂದೇ ಇರ್ಲಿಲ್ಲವೇನೋ ಅನ್ನೋ ಹಂಗೆ ಎಲ್ಲರೂ ಕಾಫಿ ಕುಡೀತಿದ್ರಿ."

ನಾನೇ ಅವತ್ತು ಕಾಫಿ ಮಾಡಿದವಳು. ಮನೆಯಲ್ಲಿ ಏನೂ ಇರಲಿಲ್ಲವೆನ್ನುವುದು ನನಗೆ ಸಮಾಧಾನ ತಂದಿತ್ತು. ಅದೇ ಏನೂ ಇಲ್ಲದಿರುವಿಕೆ ಅವಳನ್ನು ಎರಡು ವರ್ಷದಿಂದ ಕೊರೆಯುತ್ತಿತ್ತು. ಒಂದೇ ಮನೆಯಲ್ಲಿ, ಒಂದೇ ಖಾಲಿ ಜಾಗವನ್ನು ನೋಡುತ್ತ ನಾವಿಬ್ಬರೂ ಬೇರೆ ಬೇರೆಯದನ್ನು ಕಂಡಿದ್ದೆವು. ನಂಬಿಕೆ ಇಲ್ಲ ಎನ್ನುವಂತಿಲ್ಲ, ಇದೆ ಎನ್ನಲು ನಾಲಿಗೆ ಹೆದರುತ್ತದೆ. ಹೇಳಿಬಿಟ್ಟರೆ ಯಾರಿಗಾದರೂ ಕೇಳಿಸಿಬಿಟ್ಟರೆ? ಮಾತಿನಲ್ಲಿ ಆಗದ್ದು ಕೈಯಲ್ಲಿ ಆಗಬಹುದು ಎನ್ನಿಸಿ ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದೆ. "ಎಲ್ಲಿಗೆ?" ಎಂದಳು. "ಶಾಹಿದಾ ಮನೆಗೆ. ಒಂದು ಸಾಮಾನಿದೆ" ಎಂದೆ.

ಶಾಹಿದಾ ಬೀಗದ ಕೈ ಹಿಡಿದು ಮೆಟ್ಟಿಲ ಮೇಲೆ ನಿಂತೇಬಿಟ್ಟರು. "ಅಕ್ಕಾ, ತೊಟ್ಟಿಲು ನಾನೇ ಕೆಳಗೆ ತಂದ್ಕೊಡ್ತೀನಿ. ನೀವು ಮೇಲ್ಬರ್ಬೇಡಿ."

"ಅಷ್ಟು ಭಾರದ್ದು ನೀವೊಬ್ರೇ ಹೆಂಗ್ರೀ ತರ್ತೀರಾ?" ಎಂದು ನಾನು ಮೇಲೆ ಹತ್ತಿದೆ.

ಬಾಗಿಲು ತೆಗೆದರೆ, ಮಗುವಿನ ಕೋಣೆ ಅಲ್ಲಿತ್ತು. ನನ್ನ ತೊಟ್ಟಿಲು ನಡುವೆ. ಅದರ ಪಕ್ಕ ಬಿಚ್ಚದ ಪಾರ್ಸಲ್ಲುಗಳು, ಒಂದೊಂದರ ಮೇಲೂ ಮಾನಸಾಳ ಹೆಸರು, ಶಾಹಿದಾರ ಮನೆಯ ವಿಳಾಸ. ಒಂದರ ಬಾಯಿ ಹರಿದು ಅಂಟುವ ಮೋಡಗಳು ಇಣುಕುತ್ತಿದ್ದವು. ಗೋಡೆಗೊರಗಿ ಕೊಡೆಯಾಕಾರದ ಸೊಳ್ಳೆಪರದೆ. ಅದರ ಕೆಳಗೆ ಮೂರು ಗಾಲಿಯ ಮರದ ಗಾಡಿ, ಮಕ್ಕಳು ಹಿಡಿದುಕೊಂಡು ನಡಿಗೆ ಕಲಿಯುವಂಥದ್ದು. ಗಾಡಿಯ ಹಿಡಿಕೆಯಲ್ಲಿ ನಮ್ಮವರ ಕಾರ್ಖಾನೆಯ ಹಳೆಯ ಚೀಲ ನೇತಾಡುತ್ತಿತ್ತು. ಹುಟ್ಟಲು ಇನ್ನೂ ಎರಡು ತಿಂಗಳಿರುವ ಮಗು ಮುಂದಿನ ವರ್ಷ ನಡೆಯುವುದಕ್ಕೆ ಹೂಕುಂಡದ ನೆಪ ಹೇಳಿದ್ದ ನಮ್ಮವರು ಗಾಡಿ ತಂದಿಟ್ಟಿದ್ದರು.

"ನಂದೇನು ತಪ್ಪಿಲ್ಲಕ್ಕಾ," ಶಾಹಿದಾ ಹಣೆ ಒತ್ತಿಕೊಂಡರು. "ಮೊದ್ಲು ನಿಮ್ಮನೆ ಅಣ್ಣಾ ಬಂದ್ರು, ಅವಳಿಗೆ ಹೇಳ್ಬೇಡಮ್ಮಾ, ಹೆದರ್ತಾಳೆ ಅಂದ್ರು. ಆಮೇಲೆ ಮಾನಸಾ ಫೋನ್ ಮಾಡಿದ್ಲು, ಅಮ್ಮಂಗೆ ಹೇಳ್ಬೇಡಿ ಆಂಟಿ, ಬೈತಾರೆ ಅಂದ್ಲು. ಆಮೇಲೆ ನೀವು. ಮೂರು ಜನಕ್ಕೂ ಮಾತು ಕೊಟ್ಟಿದೀನಿ. ಇವಾಗ ಯಾರ್ದು ಮುರೀಲಿ, ನೀವೇ ಹೇಳಿ."

ನಾನು ಮಂಚವಿಲ್ಲದ ಆ ಕೋಣೆಯಲ್ಲಿ ಪಾರ್ಸಲ್ಲಿನ ಮೇಲೇ ಕೂತುಬಿಟ್ಟೆ. ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು, ಸೆರಗಿನಲ್ಲಿ ಒರೆಸಿಕೊಂಡೆ. ಹೆದರಿದವರು ನಾವು ಮೂವರೂ, ಆಸೆಪಟ್ಟವರೂ ಮೂವರೇ. ಹೆದರಿಕೆಯನ್ನು ಮನೆಯಲ್ಲಿಟ್ಟುಕೊಂಡು ಆಸೆಯನ್ನು ಎದುರು ಮನೆಯಲ್ಲಿ ಇರಿಸಿದ್ದೆವು.

ಆದರೂ ಪದ್ಧತಿ ಪದ್ಧತಿಯೇ. ಮಗುವಿಗೆಂದು ಇವನ್ನೆಲ್ಲ ಹೊಸಿಲು ದಾಟಿಸುವುದು ಹೇಗೆ ಎಂದು ಅಲ್ಲೇ ಕೂತು ಲೆಕ್ಕ ಹಾಕಿದೆ. ಇಷ್ಟು ದಿನ ಸುಳ್ಳು ನೆಪಗಳನ್ನು ಹುಡುಕಿಕೊಂಡು ಅಲೆದವಳಿಗೆ ಆಗ ನಿಜವಾದ ನೆಪವೊಂದು ಸಿಕ್ಕಿತು. ಮೋಡ ಬೇಕಿದ್ದದ್ದು ಯಾರಿಗೆ? ಗೋಡೆಯನ್ನು ನೋಡಿ ನಾಳೆಯನ್ನು ನಂಬಬೇಕಾದದ್ದು ಯಾರು? ಇನ್ನೂ ಕಣ್ಣು ಬಿಡದ ಮಗುವಿಗೆ ಗೋಡೆಯ ಬಣ್ಣದ ಹಂಗಿಲ್ಲ. ಹುಟ್ಟದ ಮಗುವಿಗೆ ತರಬಾರದು, ಸರಿ. ಹುಟ್ಟಿ ಬೆಳೆದು ನನ್ನ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುವ ಮಗುವಿಗೆ ತರಬಾರದೆಂದು ನನ್ನ ಅಮ್ಮನಾಗಲಿ ಅವಳಮ್ಮನಾಗಲಿ ಎಲ್ಲೂ ಹೇಳಿಲ್ಲ.

ಶಾಹಿದಾ ತೊಟ್ಟಿಲಿನ ಒಂದು ತುದಿ ಹಿಡಿದರು, ನಾನೊಂದು ತುದಿ. ರಸ್ತೆಯಲ್ಲಿ ಆಟೊದವನೊಬ್ಬ ನಿಲ್ಲಿಸಿ ದಾರಿ ಬಿಟ್ಟ. ಮಾನಸಾ ಬಾಗಿಲಿಗೆ ಬಂದವಳು ಬಾಯಿ ತೆರೆದು ನಿಂತಳು.

"ನೋಡು, ಮಗೂಗೆ ನಾನು ಏನೂ ತಂದಿಲ್ಲ," ಎಂದೆ ಏದುಸಿರು ಬಿಡುತ್ತ. "ಇದೆಲ್ಲಾ ನಿಂಗೆ. ಅದು ಬಂದ್ಮೇಲೆ ಅದಕ್ಕೆ ಬೇರೆ ತರೋಣ. ನಿನ್ನ ಮೋಡಾನೂ ಅಲ್ಲೇ ಇವೆ, ಹೋಗಿ ತಗೊಂಡ್ಬಾ."

"ತೊಟ್ಟಿಲೂ ನಂಗೇನಾ?"

"ನಿಂಗೇ."

"ಹತ್ತಿ ಕೂತ್ಕೊಳ್ಲಾ?"

"ಕೊಂಡಿ ತಡ್ಯಲ್ಲ ಕಣೇ, ಅದು ಹೂಕುಂಡಕ್ಕೆ ಹಾಕಿಸಿದ್ದು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಗುತ್ತಲೇ ಬಂದು ನನ್ನ ಹೆಗಲಿಗೆ ಹಣೆ ಒತ್ತಿದಳು. ನಡುವೆ ದೊಡ್ಡ ಹೊಟ್ಟೆ, ಪಕ್ಕದಲ್ಲಿ ತೊಟ್ಟಿಲು. ಸರಿಯಾಗಿ ತಬ್ಬಿಕೊಳ್ಳಲೂ ಆಗಲಿಲ್ಲ.

ಸಂಜೆ ನಮ್ಮವರು ಕೆಲಸದಿಂದ ಬಂದು ಕೋಣೆಯೊಳಗೆ ತಮ್ಮ ಗಾಡಿಯನ್ನು ಕಂಡು ಬೆಪ್ಪಾದರು. ಆಮೇಲೆ ಸ್ಟೂಲು ಹತ್ತಿ ತೊಟ್ಟಿಲನ್ನು ಕೊಂಡಿಗೆ ಸಿಕ್ಕಿಸಿದರು. ಬರಿದು ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ಅಡುಗೆಮನೆಯಿಂದ ಗುಂಡುಕಲ್ಲು ತಂದು, ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಅದರೊಳಗೆ ಮಲಗಿಸಿದೆ. ನಾಮಕರಣದ ದಿನ ಮಗುವಿಗಿಂತ ಮುಂಚೆ ತೊಟ್ಟಿಲೇರುವ ಕಲ್ಲು ಅದು. ಎರಡು ತಿಂಗಳು ಮುಂಚೆಯೇ ಕೆಲಸಕ್ಕೆ ಹಾಜರಾಯಿತು.

ಹೆದರಿಕೆ ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಮೋಡಗಳ ಕೆಳಗೆ ನಿಂತಾಗ ಇನ್ನೂ ಎದೆ ಧಸಕ್ಕೆನ್ನುತ್ತದೆ. ಮಾನಸಾಳಿಗೂ ಹಾಗೇ ಆಗುತ್ತದಂತೆ. ಆದರೆ ಈಗ ಇಬ್ಬರೂ ಒಟ್ಟಿಗೇ ಅಲ್ಲಿ ನಿಂತು ಹೆದರುತ್ತೇವೆ. ಆಮೇಲೆ ಮೋಡವೊಂದು ಸೊಟ್ಟಗಾಗಿದೆ ಎಂದು ವಾದ ಶುರುವಾಗಿ ಹೆದರಿಕೆ ಮರೆತುಹೋಗುತ್ತದೆ.

ನಿನ್ನೆ ಮಧ್ಯಾಹ್ನ ಅವಳು ಆ ಕೋಣೆಯಲ್ಲಿ ಮಲಗಿದ್ದಳು. ನಮ್ಮವರು ರಜೆ ಹಾಕಿ ಮನೆಯಲ್ಲೇ ಇದ್ದರು. ಫೋನು ಬಂದರೆ ಬೀದಿಗೆ ಹೋಗಿ ಮಾತಾಡಿ ಬರುತ್ತಿದ್ದರು. ಕೊಟ್ಟ ಬಟ್ಟಲು ತೆಗೆದುಕೊಂಡು ಹೋಗಲು ಬಂದ ಶಾಹಿದಾ ಕಾಲ್ಗೆಜ್ಜೆ ಸದ್ದಾಗದ ಹಾಗೆ ಸೀರೆ ಎತ್ತಿ ಹಿಡಿದು ಒಳಗೆ ಬಂದು, ತೊಟ್ಟಿಲಲ್ಲಿ ಮಲಗಿದ್ದ ಗುಂಡುಕಲ್ಲನ್ನು ಇಣುಕಿ ನೋಡಿ, ಬೆರಳು ತುಟಿಗಿಟ್ಟುಕೊಂಡು ಹೋದರು. ನಾನು ಒಲೆಯ ಮುಂದೆ ನಿಂತಿದ್ದೆ. ಕುಕ್ಕರು ಸಿಳ್ಳೆ ಹಾಕಲು ಉಸಿರೆಳೆದುಕೊಂಡಿತು. ಕೂಗಿಬಿಟ್ಟರೆ ಮಗು ಏಳುತ್ತದೆ ಎಂದು ನಾನು ಧಾವಿಸಿ ಗ್ಯಾಸು ಆರಿಸಿದೆ. ಬೇಳೆ ಅರ್ಧಕ್ಕರ್ಧ ಬೆಂದಿರಲಿಲ್ಲ. ಊಟಕ್ಕೆ ಕೂತ ನಮ್ಮವರು ಅದನ್ನು ಕಟಕಟ ಅಗಿದು ನುಂಗಿದರು, ಒಂದು ಮಾತೂ ಆಡಲಿಲ್ಲ. ಸಾರು ಇನ್ನೊಂದು ಸೌಟು ಬೇಕು ಎನ್ನುವುದನ್ನೂ ಸನ್ನೆಯಲ್ಲೇ ಕೇಳಿದರು.